ಅಳತೆ ರವಿಕೆ ಇಲ್ಲದ ಊರು

ಹಾಡಹಗಲಲ್ಲಿ, ಗಿರಾಕಿಗಳ ಎದುರಿಗೇ, ಅರವತ್ತು ದಾಟಿದ ಹೆಂಗಸೊಬ್ಬಳು ನನ್ನ ಕೆನ್ನೆಗೆ ಮುತ್ತಿಡಲು ಬಂದಳು. ಕೆಂಡ ತುಳಿದವನಂತೆ ಹಿಂದಕ್ಕೆ ಜಿಗಿದೆ. ಡಬ್ಬಿ ಉರುಳಿ ನೆಲದ ತುಂಬ ಗುಂಡಿ ಚೆಲ್ಲಿದವು.

"ನಿನ್ನ ಹೇಂತಿಗೆ ವೀಸಾ ಬಂತಂದ್ಯಲ್ಲ, ಖುಷಿಗೆ ಬಂದ್ನಪ್ಪ! ಕಚ್ಚಾಕ ಬಂದಿದ್ನೇನು?" ಎಂದಳು ನೂರಿಯಾ. ನಮ್ಮಿಬ್ಬರದೂ ಹರುಕು ಇಂಗ್ಲಿಷು. ಇಲ್ಲಿ ನನ್ನೂರ ಮಾತಿಗೆ ಇಳಿಸಿದ್ದೇನೆ.

ಅಮೆರಿಕದ ಫೇರ್‌ಫ್ಯಾಕ್ಸ್‌ನಲ್ಲಿ ಬಟ್ಟೆ ಒಗೆದುಕೊಡುವ ಅಂಗಡಿಯಲ್ಲಿ ನಾನು ದರ್ಜಿ, ಅವಳು ಇಸ್ತ್ರಿಯವಳು. ಏಳನೇ ಇಯತ್ತೆಗೇ ಶಾಲೆ ಬಿಟ್ಟವನು ನಾನು. ಆದರೆ ರಾಣೆಬೆನ್ನೂರಿನಲ್ಲಿ ನಾನು ಹೊಲಿದ ಕೋಟನ್ನು ತಿದ್ದಿಕೊಡು ಎಂದು ತಂದವರಿಲ್ಲ. ಡಾಕ್ಟರಾದ ಭಾವ ಇಲ್ಲಿಗೆ ಕರೆಸಿಕೊಂಡರು; ಅವರ ಹಂಗು ಬೇಡವೆಂದು ಬೇಸ್‌ಮೆಂಟಿನಲ್ಲಿ, ಎಂದರೆ ಯಾರದೋ ಮನೆಯ ನೆಲಮಾಳಿಗೆಯಲ್ಲಿ, ಬಾಡಿಗೆಗಿದ್ದೆ. ಊರಿನ ನನ್ನ ಅಂಗಡಿಯ ಬೆಂಚಿನ ಮೇಲೆ ಜನ ಮೈಗೆ ಮೈ ತಾಗಿಸಿ ಕೂತು ಹರಟುತ್ತಿದ್ದರು. ಇಲ್ಲಿ ರಸೀದಿಯನ್ನೂ ಕೌಂಟರಿನ ಮೇಲಿಡುತ್ತಾರೆ, ಕೈಗೆ ಕೊಡುವುದಿಲ್ಲ.

ನೂರಿಯಾಳ ಬಳಿ ಒಂದು ಕ್ಯಾಸೆಟ್ ಇತ್ತು. ಗಿಟಾರು, ಹುಡುಗಿಯೊಬ್ಬಳ ದನಿ, ಬೀಸುವ ಪದದಂಥ ಧಾಟಿ. "ಸ್ಪ್ಯಾನಿಷಾ?" ಎಂದಿದ್ದಕ್ಕೆ ಒಮ್ಮೆ "ಕಟಲನ್!" ಎಂದು ಗದರಿದ್ದಳು. ಸ್ಪೇನಿನಲ್ಲೇ ಅವಳ ಸೀಮೆಯವರಾಡುವ ಬೇರೆ ಭಾಷೆಯಂತೆ ಅದು. ನನ್ನದು ಹಿಂದಿಯಾ ಎಂದರೆ ನನಗೂ ಹಾಗೇ ಉರಿಯುತ್ತದೆ. ಹಾಡಿನ ಅರ್ಥ ಮಾತ್ರ ನಾನು ಕೇಳಿರಲಿಲ್ಲ. ಕೇಳಿದರೆ ಸಣ್ಣವನಾದೆ ಎನ್ನುವ ಬಿಗುಮಾನ.

ಗುಂಡಿ ಚೆಲ್ಲಿದ ದಿನದಿಂದ ಅವಳು ಆ ಕ್ಯಾಸೆಟ್ ಹಾಕಲಿಲ್ಲ. ಮಾತೂ ನಿಂತಿತು. ನನ್ನ ಜೊತೆ ದಿನಾ ನಕ್ಕು ಮಾತಾಡುತ್ತಿದ್ದ ಒಂದೇ ಜೀವ ಅದು.

"ದನಿ ಯಾಕ್ರೀ ಹಿಂಗ ಸಣ್ಣಗಾಗೈತಿ?" ಎಂದಳು ಫೋನಿನಲ್ಲಿ ಹೆಂಡತಿ ಗಿರಿಜಾ.

"ಥಂಡಿ" ಎಂದೆ.

ತಪ್ಪಾಯಿತು ಎನ್ನಲು ನನಗೆ ಬಾಯಿ ಬರುವುದಿಲ್ಲ. ವಾರ ಕಳೆದ ಮೇಲೆ, "ನಿಮಗೊಂದು ಕೋಟು ಹೊಲಿತೀನಿ" ಎಂದೆ. ನೂರಿಯಾ ಮೊಳೆಗೆ ನೇತುಹಾಕಿದ್ದ ತನ್ನ ಹಳೇ ಕೋಟು ತಂದು ನನ್ನ ಮೇಜಿನ ಮೇಲೆ ಎಸೆದಳು.

"ಇದರ ಅಳತಿ ತಗೋ. ನನ್ನ ಮುಟ್ಟೂದು ಬ್ಯಾಡ."

ನಮ್ಮಲ್ಲಿ ಹೆಂಗಸರು ಅಳತೆ ರವಿಕೆ ಕೊಟ್ಟು ಹೋಗುತ್ತಾರೆ. ಇಪ್ಪತ್ತು ವರ್ಷದಲ್ಲಿ ನನ್ನ ಟೇಪು ಪರಹೆಂಗಸಿನ ಮೈ ಮುಟ್ಟಿರಲಿಲ್ಲ. ಕೋಟು ಮಡಚಿ ವಾಪಸು ಕೊಟ್ಟೆ. "ನಿಂದರ್ರಿ" ಎಂದೆ.

ಭುಜ ಅಳೆದೆ. ತೋಳು ಅಳೆದೆ. ಅವಳು ಉಸಿರು ಬಿಗಿಹಿಡಿದು ನಿಂತಿದ್ದಳು. ಆಮೇಲೆ, "ನೋಡು, ನಾ ಕಚ್ಚಲಿಲ್ಲಲ್ಲೋ ದರ್ಜಿ!" ಎಂದು ನಕ್ಕಳು. ಕಣ್ಣು ಒದ್ದೆಯಾಗಿತ್ತು. ಹೋಗಿ ಕ್ಯಾಸೆಟ್ ಹಾಕಿದಳು.

"ಏನ್ ಹೇಳ್ತಾಳ ಆಕಿ?" ಕೊನೆಗೂ ಕೇಳಿದೆ.

"ಏನೂ ಮಾತಾಡಬ್ಯಾಡ, ಸುಮ್ನ ಬಾಜೂಕ ಬಂದು ಕುಂದ್ರು ಅಂತಾಳ. ಅಷ್ಟ."

ಕೋಟು ಮುಗಿದ ದಿನ ಅವಳು ಮತ್ತೆ ಹತ್ತಿರ ಬಂದು ಎರಡೂ ಕೆನ್ನೆಗೆ ಮುತ್ತಿಟ್ಟಳು. ನಾನು ಅಲುಗಲಿಲ್ಲ.

ಗಿರಿಜಾ ಬಂದದ್ದು ಮರುತಿಂಗಳು. ವಿಮಾನ ನಿಲ್ದಾಣದ ಗಾಜಿನ ಬಾಗಿಲು ದಾಟಿ ಬಂದವಳನ್ನು ಕಂಡದ್ದೇ, ಏನು ಮಾಡುತ್ತಿದ್ದೇನೆಂಬ ಅರಿವಿಲ್ಲದೆ ತೋಳು ಚಾಚಿ ಅವಳ ಕೆನ್ನೆಗೆ ಬಾಗಿದೆ. ಅವಳು ಚಂಗನೆ ಹಿಂದೆ ಸರಿದಳು.

"ಅಯ್ಯ, ಮಂದಿ ನೋಡ್ತಾರ್ರೀ! ಏನಾತು ನಿಮಗ?"

ಯಾರೂ ನೋಡುತ್ತಿರಲಿಲ್ಲ. ಅವಳು ಸರಿದದ್ದು ಒಂದೂವರೆ ಹೆಜ್ಜೆ. ಟೇಪು ಹಿಡಿಯದೆಯೇ ತಿಳಿಯಿತು. ಅಂಗಡಿಯಲ್ಲಿ ನಾನು ಜಿಗಿದದ್ದೂ ಅಷ್ಟೇ. ಆ ಒಂದೂವರೆ ಹೆಜ್ಜೆಯ ನಡುವೆ, ಚಾಚಿದ ತೋಳು ಎಲ್ಲಿಡಬೇಕೆಂದು ತಿಳಿಯದೆ ನಿಂತೆ. ಆಮೇಲೆ ಅವಳ ಪೆಟ್ಟಿಗೆ ಎತ್ತಿಕೊಂಡೆ. ಅವಳು ಮೆಲ್ಲಗೆ ಬಂದು ಅದರ ಹಿಡಿಕೆಯ ಇನ್ನೊಂದು ತುದಿ ಹಿಡಿದಳು.