ಫ್ಲಾವಿಯಾ ಮೆತ್ತಗೆ ಮಾಡಿದ ಮಾತು

ಫ್ಲಾವಿಯಾ ಲೋಬೊ ಹುಟ್ಟಿದ್ದು ನೈರೋಬಿಯಲ್ಲೇ. ಮನೆಯಲ್ಲಿ ಕೊಂಕಣಿ, ಅಕ್ಕಪಕ್ಕದಲ್ಲಿ ಸ್ವಾಹಿಲಿ, ಕಾನ್ವೆಂಟಿನ ಸಿಸ್ಟರುಗಳ ಬಳಿ ಫ್ರೆಂಚ್ ಕಲಿತವಳು. ಅದೇ ಊರಿನ ಹರ್ಲಿಂಗ್‌ಹ್ಯಾಮ್ ಬಡಾವಣೆಯ ಶಾಲೆಯೊಂದರಲ್ಲಿ ಫ್ರೆಂಚ್ ಟೀಚರ್. ಸಾವಿರದ ಒಂಬೈನೂರ ತೊಂಬತ್ತೊಂದರಲ್ಲಿ ಅವಳಿಗೆ ಗಿಗಿರಿಯ ವಿಶ್ವಸಂಸ್ಥೆ ಕಚೇರಿಯಿಂದ ಕರೆ ಬಂತು. ಪುಟ್ಟ ದ್ವೀಪವೊಂದನ್ನು ತನ್ನ ರಕ್ಷಣೆಯಲ್ಲಿಟ್ಟುಕೊಂಡಿದ್ದ ಯುರೋಪಿನ ದೇಶ ಅಲ್ಲಿಂದ ಸೈನ್ಯ ವಾಪಸು ಕರೆಸಿಕೊಳ್ಳುವ ಮಾತುಕತೆಗೆ ದುಭಾಷಿ ಬೇಕಿತ್ತು.

ದ್ವೀಪದವರ ಪರವಾಗಿ ಬಂದಿದ್ದವನು ಹಮಾದಿ, ಮೀನುಗಾರರ ಮುಖಂಡ, ವಯಸ್ಸಾದವನು. ಎದುರಿಗೆ ಆ ಯುರೋಪಿನ ದೇಶದ ಒಬ್ಬ ಕರ್ನಲ್. ಚಹಾದ ಹೊತ್ತಿನಲ್ಲಿ ಕರ್ನಲ್ ಅವಳ ಫ್ರೆಂಚನ್ನು ಬಾಯ್ತುಂಬ ಹೊಗಳಿದ. ಫ್ಲಾವಿಯಾ ಉಬ್ಬಿಹೋದಳು.

ಆಮೇಲೆ ಹಮಾದಿ ಎದ್ದು ನಿಂತು ಸ್ವಾಹಿಲಿಯಲ್ಲಿ ಹೇಳಿದ. "ನಿಮ್ಮ ಲಾರಿಗಳು ನಮ್ಮ ಖಬರಸ್ತಾನದ ಮೇಲೆ ಓಡಾಡ್ತಿವೆ. ನನ್ನ ಹೆಂಡತಿಯ ಗೋರಿ ಎಲ್ಲಿತ್ತು ಅಂತ ನನಗೇ ಗುರುತು ಸಿಗ್ತಿಲ್ಲ. ಮಳೆಗೆ ಮುಂಚೆ ಹೊರಡಿ."

ಅಷ್ಟು ನಯವಾಗಿ ಮಾತಾಡಿಸಿದವನಿಗೆ ಇದನ್ನು ಹೇಗೆ ಹೇಳುವುದು? "ಸಮಾಧಿಗಳಿಗೆ ಸ್ವಲ್ಪ ಹಾನಿಯಾಗಿದೆ. ನಿಮಗೆ ಅನುಕೂಲವಾದಾಗ ಹೊರಟರೆ ಸಂತೋಷ," ಎಂದು ಫ್ರೆಂಚಿನಲ್ಲಿ ಹೇಳಿದಳು. ಕರ್ನಲ್ ನಗುತ್ತ ತಲೆಯಾಡಿಸಿದ.

ಆ ನಗು ಕಂಡು ಹಮಾದಿ ಅವಳತ್ತ ತಿರುಗಿದ. "ನಾನು ಹೇಳಿದ್ದನ್ನೇ ಹೇಳಿದೆಯಾ, ಮಗಳೇ?"

"ಹೌದು."

ಮರುದಿನ ಕರಾರಿನ ಕರಡು ಬಂತು. ಫ್ಲಾವಿಯಾ ಅದನ್ನು ಹಮಾದಿಗೆ ಸ್ವಾಹಿಲಿಯಲ್ಲಿ ಓದಿ ಹೇಳತೊಡಗಿದಳು. 'ಅನುಕೂಲವಾದಾಗ' ಎಂಬಲ್ಲಿಗೆ ಬರುತ್ತಲೇ ಹಮಾದಿ ತಡೆದ. "ಈ ಮಾತು ಯಾರದು?"

"ನಿನ್ನೆ ಈ ಮುಖಂಡರೇ ಹೇಳಿದ್ದಲ್ಲವೇ?" ಕರ್ನಲ್‌ಗೆ ನಿಜಕ್ಕೂ ಆಶ್ಚರ್ಯ.

ಇಬ್ಬರೂ ಅವಳನ್ನೇ ನೋಡಿದರು. ಫ್ಲಾವಿಯಾಗೆ ಕಿವಿಯವರೆಗೂ ಬಿಸಿಯೇರಿತು. "ಅದು ನನ್ನದು," ಎಂದಳು, ಎರಡೂ ಭಾಷೆಯಲ್ಲಿ. ಆಮೇಲೆ ಗೋರಿಯ ಮಾತು, ಮಳೆಯ ಮಾತು, ಎಲ್ಲವನ್ನೂ ಇದ್ದ ಹಾಗೇ ಫ್ರೆಂಚಿನಲ್ಲಿ ಹೇಳಿದಳು. ಯಾರೂ ನಗಲಿಲ್ಲ. ಕರಡು ವಾಪಸು ಹೋಯಿತು. ಬೇರೆ ದುಭಾಷಿಯನ್ನು ಕರೆಸಿದರು.

ಹೊರಡುವಾಗ ಹಮಾದಿ ಬಾಗಿಲವರೆಗೂ ಬಂದ. ಬೈಯುತ್ತಾನೆ ಎಂದುಕೊಂಡಳು. "ಮನೆಗೆ ಹೋಗಲು ಗಾಡಿ ಇದೆಯಾ, ಮಗಳೇ?" ಎಂದಷ್ಟೇ ಕೇಳಿದ. ಅವಳಿಗೆ ತಲೆ ಎತ್ತಲಾಗಲಿಲ್ಲ.

ಕಾರು ತಂದಿದ್ದವಳು ಜೊತೆಯ ಟೀಚರ್, ಮೈಸೂರಿನ ಅಂಬುಜಾ. ಎಲ್ಲ ಕೇಳಿ, "ಕಡೇಗೆ ನಿಜ ಹೇಳಿದ್ರಲ್ಲ ಫ್ಲಾವಿಯಾ, ಬಿಟ್ಹಾಕಿ. ಇಟ್ಸ್ ಓಕೆ," ಎಂದಳು.

"ಸಿಕ್ಕಿಬಿದ್ದ ಮೇಲೆ ಹೇಳಿದ್ದು ಮಾರಾಯ್ತಿ. ಅವರು ಮೊದಲು ಕೇಳಿದಾಗ ಹೌದು ಅಂದುಬಿಟ್ಟೆ."

ಕೊನೆಗೂ ಸೈನ್ಯ ಹೊರಟಿತು, ಆದರೆ ಒಂದು ಮಳೆಗಾಲ ಕಳೆದ ಮೇಲೆ. ಆ ಸುದ್ದಿ ಬಂದ ದಿನ, ನಡೆದದ್ದು ತಿಳಿಯದ ಹೆಡ್‌ಮಿಸ್ಟ್ರೆಸ್ ಹೆಮ್ಮೆಯಿಂದ, ಅಸೆಂಬ್ಲಿಯಲ್ಲಿ ಮಕ್ಕಳಿಗೆ ನಾಲ್ಕು ಮಾತು ಹೇಳಿ ಎಂದರು. ಗಂಟಲು ಸರಿಯಿಲ್ಲ ಎಂದು ಫ್ಲಾವಿಯಾ ಕ್ಲಾಸಿಗೆ ಹೋದಳು.