ಹಿಮ್ಮಡಿಗೆ ಸಿಕ್ಕ ಗಾಲಿಯ ಜಾಡು

ಚಿಂತೆ ಮಾಡುವುದರಲ್ಲಿ ನಾನು ಮೊದಲಿನಿಂದಲೂ ಗಟ್ಟಿಗ. ತೊಂಬತ್ತರ ದಶಕದ ಕೊನೆಗೆ ರಾಮದುರ್ಗದಲ್ಲಿ ಮಾಸ್ತರಿಕೆ ಮಾಡುತ್ತಿದ್ದಾಗ ನನ್ನ ಚಿಂತೆಗಳಲ್ಲಿ ವಿಮಾನವೂ ಒಂದಾಗಿತ್ತು. ಬೈಲಹೊಂಗಲದ ಆಚೆ ವಾಯುಸೇನೆಯವರು ಹೊಸ ಪೈಲಟ್‌ಗಳನ್ನು ತಯಾರು ಮಾಡುವ ನೆಲೆಯಿತ್ತು. ಕಲಿಯುವ ಹುಡುಗರು ಸಣ್ಣ ವಿಮಾನಗಳಲ್ಲಿ ಕಿತ್ತೂರಿನ ಮೇಲೆ ಸುತ್ತಿ, ನವಿಲುತೀರ್ಥದ ನೀರು ಕಂಡಲ್ಲಿ ಹೊರಳಿ, ಸಾಲಹಳ್ಳಿ ಕಡೆಯ ನಮ್ಮ ಎರೆ ಹೊಲಗಳ ಮೇಲೆ ಹಾದು ಹಿಂದಿರುಗುತ್ತಿದ್ದರು. ಹೊಲದಲ್ಲಿದ್ದವರಿಗೆ ಅದೇ ಗಡಿಯಾರ. “ಎರಡನೇ ವಿಮಾನ ಹೋತು, ಬುತ್ತಿ ಬಿಚ್ರಿ” ಅನ್ನುತ್ತಿದ್ದರು. ನನಗೆ ಮಾತ್ರ ಆ ಸದ್ದು ನಡುವೆಯೇ ನಿಂತರೆ ಏನು ಗತಿ ಎಂಬ ಯೋಚನೆ.

ಹಿಂಗಾರಿ ಬಿತ್ತಿಗೆಯ ದಿನಗಳ ಒಂದು ರವಿವಾರ ಅದು ನಿಂತೇಬಿಟ್ಟಿತು. ನಾನು ಸೋದರಮಾವನ ಹೊಲದಲ್ಲಿದ್ದೆ. ವಿಮಾನ ಸದ್ದಿಲ್ಲದೆ ಇಳಿಯುತ್ತ ಬಂದು, ಬದುವನ್ನು ದಾಟಿ, ಹೊಲದುದ್ದಕ್ಕೂ ಉರುಳಿ, ಇನ್ನೇನು ನಿಂತಿತು ಅನ್ನುವಷ್ಟರಲ್ಲಿ ಮೂಗು ಮಣ್ಣಿಗೆ ಊರಿ ಬಾಲ ಎತ್ತಿತು. ನಾನೂ ಓಡಿದೆ, ಮಾವನೂ ಓಡಿದ. ಅವನು ವಿಮಾನದ ಕಡೆಗೆ, ನಾನು ಬೇವಿನ ಮರದ ಹಿಂದಕ್ಕೆ.

ನಾನು ಹೊರಬರುವ ಹೊತ್ತಿಗೆ ಮಾವ ಒಬ್ಬ ಹುಡುಗನನ್ನು ಇಳಿಸಿ ತಂಬಿಗೆಯಲ್ಲಿ ನೀರು ಕೊಟ್ಟಿದ್ದ. ಇಪ್ಪತ್ತೆರಡರ ಆಚೀಚೆ ವಯಸ್ಸು. ಹೊಲದಲ್ಲಿ ಯಾರಿಗಾದರೂ ಪೆಟ್ಟಾಯಿತೇ ಎಂದು ಅವನು ಮೊದಲು ಕೇಳಿದ. ನೆಲೆಯವರ ಗಾಡಿ ಬರುವವರೆಗೆ ಮಾವನ ಹೆಂಡತಿ ಅತ್ತಿ ಕೊಟ್ಟ ರೊಟ್ಟಿ ತಿನ್ನುತ್ತ ನನಗೆ ಹಿಂದಿಯಲ್ಲಿ ತನ್ನ ಸಂಕಟ ಹೇಳಿದ. ಎಂಜಿನ್ ಕೆಟ್ಟದ್ದು ಅವನ ತಪ್ಪಲ್ಲ. ಆದರೆ ಬದುವಿನ ಹತ್ತಿರವೇ ನೆಲ ಮುಟ್ಟಿದ್ದ, ಬ್ರೇಕ್ ಒತ್ತಿರಲಿಲ್ಲ, ಆದರೂ ಮೂಗು ಯಾಕೆ ಊರಿತೋ ಅವನಿಗೇ ತಿಳಿದಿರಲಿಲ್ಲ. ಗಾಬರಿಯಲ್ಲಿ ಬ್ರೇಕ್ ಒತ್ತಿದ ಎಂದು ವಿಚಾರಣೆಯಲ್ಲಿ ಬಂದರೆ ಮನೆಗೆ ಕಳಿಸುತ್ತಾರೆ. ಅವನ ಪರವಾಗಿ ಹೇಳಲು ಇದ್ದದ್ದು ನೆಲದ ಮೇಲಿನ ಗಾಲಿಯ ಗುರುತು ಮಾತ್ರ.

ಮರುದಿನ ನೆಲೆಯ ಮಂದಿ ವಿಮಾನದ ರೆಕ್ಕೆ ಬಿಚ್ಚಿ ಲಾರಿಗೆ ಹಾಕಿಕೊಂಡು ಹೋದರು. ಹೋಗುವಾಗ ಅವರ ಸಾರ್ಜೆಂಟ್, “ಸಾಹೇಬರು ನೆಲ ನೋಡಲು ಬರುತ್ತಾರೆ, ಹೊಲ ಹೀಗೇ ಇರಲಿ” ಎಂದು ನನಗೆ ಹೇಳಿದ. ಯಾವಾಗ ಎಂದು ಕೇಳಿದರೆ, ಬರುತ್ತಾರೆ ಎಂದ.

ಮೂರು ದಿನ ಯಾರೂ ಬರಲಿಲ್ಲ. ಬಿಸಿಲು ಸುರಿಯುತ್ತಿತ್ತು. ಜೋಳದ ಬೀಜ ಹಿಡಿಯಬೇಕಾದ ಹದ ಆರಿದರೆ ಆ ವರ್ಷ ಹೊಲ ಬೀಳು. ನಾಲ್ಕನೆಯ ದಿನ ನಾನು ಸಾಲಿ ಮುಗಿಸಿಕೊಂಡು ಹೋದಾಗ ಮಾವ ಎತ್ತುಗಳ ಹತ್ತಿರ ನಿಂತಿದ್ದ.

“ಏನಪಾ ಮಾಸ್ತರ, ಹದ ಆರಾಕತ್ತೈತಿ. ನಿನ್ನ ಸಾಹೇಬ್ರು ಬರತಾರೋ, ಇಲ್ಲಾ ಸುಗ್ಗೀಗೇ ಬರತಾರೋ?”

“ಹೆಂಗ ಹೇಳ್ಲಿ ಮಾವಾ.”

“ಹಿಂದಿ ಬಲ್ಲವ ನೀನ. ಗಾಲಿ ಗುರುತಿನ ಪಟ್ಟಾ ಅಷ್ಟ ಬಿಟ್ಟು ಕುಂಟಿ ಹೊಡೀಲೇನು?”

ಅಲ್ಲಿ ಹೂಂ ಅಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಆ ಪಟ್ಟಿಯಷ್ಟು ನೆಲದ ಹದ ಹೋದರೂ ಅತ್ತಿ ನನ್ನನ್ನು ವರ್ಷವಿಡೀ ಹಂಗಿಸುತ್ತಾಳೆಂಬ ಹೆದರಿಕೆ ಆ ಗಳಿಗೆಯಲ್ಲಿ ವಾಯುಸೇನೆಯ ಹೆದರಿಕೆಗಿಂತ ದೊಡ್ಡದಾಗಿತ್ತು. “ವಿಮಾನಾನ ಹೋಗೇತಿ ಮಾವಾ. ಬರೇ ಮಣ್ಣ ನೋಡಾಕ ಯಾರ ಬರತಾರ? ಪೂರಾ ಹೊಡೀರಿ” ಅಂದೆ. ಕತ್ತಲಾಗುವುದರೊಳಗೆ ಮಾವ ಮೇಲ್ಮಣ್ಣು ಸಡಿಲಿಸುವ ಕುಂಟಿ ಹೊಡೆದು ಮುಗಿಸಿದ. ಹೊಲ ಹಾಸಿದ ಕಂಬಳಿಯಂತೆ ಕಾಣುತ್ತಿತ್ತು.

ಬೆಳಿಗ್ಗೆ ಬಿತ್ತಲು ಕೂರಿಗೆ ಹೂಡುವಾಗ ಜೀಪು ಬಂತು. ಇಳಿದವರು ಒಬ್ಬ ಹಿರಿಯ ಅಧಿಕಾರಿ ಮತ್ತು ಆ ಹುಡುಗ. ಹುಡುಗ ಹೊಲವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವನು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಹೊಲ ಕೆದಕಿದವರು ಯಾರು ಎಂದು ಅಧಿಕಾರಿ ಕೇಳಿದ್ದು ಹಿಂದಿಯಲ್ಲಿ. ನಾನು ಅದನ್ನು ಕನ್ನಡಕ್ಕೆ ತಿರುಗಿಸುವ ಮೊದಲೇ ಮಾವ, “ನಾನ ಹೊಡದೇನ್ರಿ. ಹದ ಯಾರಿಗೂ ಕಾಯೂದಿಲ್ರಿ” ಅಂದ. ನನ್ನ ಹೆಸರು ತೆಗೆಯಲಿಲ್ಲ. ಸುಮ್ಮನಿರುವ ಆಸೆ ನನಗೆ ಬಹಳ ಇತ್ತು. ಹುಡುಗನ ಕೈಯಲ್ಲಿದ್ದ ಟೋಪಿ ನೋಡಿ ಆಗಲಿಲ್ಲ. ಹೊಡೆಯಲು ಹೇಳಿದವನು ನಾನೇ ಎಂದು ತೊದಲುತ್ತ ಒಪ್ಪಿಕೊಂಡೆ. ಅಧಿಕಾರಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಗುರುತು ಬೇಕಲ್ರಿ ನಿಮಗ?” ಮಾವ ಚಪ್ಪಲಿ ಬಿಟ್ಟ. “ಕುಂಟಿ ನಾಕ ಬೆರಳ ಆಳ ಅಷ್ಟ ಹೋಗತೈತಿ. ಒತ್ತಿದ ಮಣ್ಣ ಅದರ ಬುಡಕ ಹಂಗ ಐತಿ. ಬರ್ರಿ.”

ಬದುವಿನಿಂದ ಎಂಟು ಹೆಜ್ಜೆ ಬಂದು, ಹಿಮ್ಮಡಿ ಊರಿ ನಿಂತ. “ಇಲ್ಲಿ.” ಕೈಯಿಂದ ಸಡಿಲ ಮಣ್ಣು ಸರಿಸಿದರೆ ಕೆಳಗೆ ಟಾಯರಿನ ಅಗಲದ ಗಟ್ಟಿ ಪಟ್ಟಿ, ಹಪ್ಪಳದಂತೆ ನುಣ್ಣಗೆ. ಹಾಗೇ ಮುಂದೆ ನಡೆಯುತ್ತ, ಹಿಮ್ಮಡಿ ಹೇಳಿದಲ್ಲೆಲ್ಲ ನಿಲ್ಲುತ್ತ ಹೋದ. ಹುಡುಗ ಹಿಂದಿನಿಂದ ಗುರುತಿಗೆ ಒಣ ಜೋಳದ ದಂಟು ನೆಡುತ್ತ ಬಂದ. ಸ್ವಲ್ಪ ಹೊತ್ತಿಗೆ ಅಧಿಕಾರಿಯೂ ಬೂಟು, ಕಾಲುಚೀಲ ಬಿಚ್ಚಿ ಮಾವನ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟರು. ಆ ನೆಲೆಯ ಬಗ್ಗೆ ನನಗೆ ಗೌರವ ಹುಟ್ಟಿದ್ದು ಅವರ ವಿಮಾನ ನೋಡಿ ಅಲ್ಲ, ಆ ಬಿಳಿ ಪಾದ ನೋಡಿ.

“ಗಾಲಿ ತಡದಿದ್ರ ಮಣ್ಣ ಕಿತ್ತು ಬರತಿತ್ತು. ಇಳಿಜಾರಿನ್ಯಾಗ ಚಕ್ಕಡಿ ತಡದ ನೋಡ್ರಿ. ಇದು ಉರುಳಿದ ಗಾಲಿ” ಎಂದ ಮಾವ. ನಾನು ಅದನ್ನು ಹಿಂದಿಗೆ ತಿರುಗಿಸಿದೆ.

ಮೂಗು ಊರಿದ ಜಾಗದಲ್ಲಿ ಮಾವನ ಕಾಲು ಗೇಣುದ್ದ ಇಳಿಯಿತು. ಅವನು ನಕ್ಕ. “ಇಲ್ಲೆ ನಮ್ಮ ಮುತ್ಯಾನ ಹಗೇವು ಇತ್ತರಿ, ಕಾಳ ತುಂಬೂ ನೆಲದ ಹಗೇವು. ಹಳೇ ಊರು ಇಲ್ಲೇ ಇತ್ತು. ಎಷ್ಟ ಮಣ್ಣ ಹಾಕಿದ್ರೂ ಮಳಿ ಆದಾಗ ಕುಸೀತೈತಿ. ನನ್ನ ಎತ್ತಿಗೂ ಗೊತ್ತು. ಪಾಪ, ಮ್ಯಾಲ ಹಾರಾವಗ ಹೆಂಗ ಗೊತ್ತಾಗಬೇಕು?”

ಅಧಿಕಾರಿ ಟೇಪು ಹಿಡಿದು ಅಳೆದು, ಕಂಡದ್ದನ್ನೆಲ್ಲ ಬರೆದುಕೊಂಡರು. ತೀರ್ಮಾನ ನನ್ನದಲ್ಲ, ನೋಡಿದ್ದನ್ನು ನೋಡಿದ ಹಾಗೆ ಬರೆಯುತ್ತೇನೆ ಎಂದರು. ಹುಡುಗ ಹೊರಡುವಾಗ ಮಾವನ ಕಾಲು ಮುಟ್ಟಿ ನಮಸ್ಕರಿಸಿದ. ನನ್ನ ಕೈ ಕುಲುಕಿದ. ಅಷ್ಟು ನನಗೆ ಹೆಚ್ಚೇ ಆಯಿತು. ಜೀಪು ತಿರುಗುವ ಮೊದಲೇ ಮಾವ ಕೂರಿಗೆ ಹಿಡಿದಿದ್ದ.

ಆಮೇಲೆ ಎಂಟು ದಿನ ನನಗೆ ಅನ್ನ ಸೇರಲಿಲ್ಲ. ಹುಡುಗನನ್ನು ಮನೆಗೆ ಕಳಿಸಿದರೆ ಅದರ ಪಾಪ ಯಾರಿಗೆ ಎಂಬುದೊಂದೇ ಲೆಕ್ಕ. ಕೊನೆಗೆ ತಡೆಯಲಾರದೆ ಬಸ್ಸು ಹತ್ತಿ ನೆಲೆಯ ಗೇಟಿಗೇ ಹೋದೆ. ಕಾವಲಿನವನು ಒಳಗೆ ಫೋನು ಮಾಡಿ, ಅವನೀಗ ಸಿಗುವುದಿಲ್ಲ, ಹಾರಾಟದಲ್ಲಿದ್ದಾನೆ ಎಂದ. ಎಂದಿನಿಂದ ಎಂದು ಕೇಳಿದೆ. ನೆಲ ನೋಡಿ ಬಂದ ಮೂರನೆಯ ದಿನದಿಂದ.

ಹೊಲಕ್ಕೆ ಬಂದು ಹೇಳಿದಾಗ ಮಾವ ಮೊಳಕೆ ನೋಡುತ್ತ ಕೂತಿದ್ದ. “ಅಂದ್ರ ಐದ ದಿನ ನೀ ಸುಮ್ಮನ ಉಪಾಸ ಮಾಡೀದಿ” ಅಂದ. “ಹೋಗು, ನಿಮ್ಮ ಅತ್ತಿ ಜುಣಕಾ ಮಾಡ್ಯಾಳ, ಉಣ್ಣು.”