ಕನ್ನಡಿ ರೊಕ್ಕ

ಗುರುಪಾದಯ್ಯ ನಾಣ್ಯದ ಆಸೆಗೆ ಹೆಂಡತಿಯನ್ನು ಸಾಯಲು ಬಿಟ್ಟ ಎಂದು ಟಿಕೋಟಾದಲ್ಲೂ ಬಬಲೇಶ್ವರದಲ್ಲೂ ಜನ ಇವತ್ತಿಗೂ ಹೇಳುತ್ತಾರೆ. ಆ ಮಾತು ಹಬ್ಬಿಸಿದವಳು ನಾನು. ಸತ್ತವಳು ನನ್ನ ಅಕ್ಕ ಮುರಿಗೆವ್ವ. ಟಿಕೋಟಾ ನಮ್ಮ ತವರು, ಬಬಲೇಶ್ವರ ನನ್ನನ್ನು ಕೊಟ್ಟ ಊರು. ಈ ಗೌರಾಬಾಯಿಯ ಬಾಯಿ ಕೆಟ್ಟದ್ದು ಎಂಬುದು ಎರಡೂ ಊರಿಗೆ ಗೊತ್ತಿದ್ದ ಸಂಗತಿ. ಆ ಬಾಯಿಂದಲೇ ಈಗ ನಿಜ ಹೇಳಬೇಕಾಗಿದೆ, ಕೇಳಿ.

ಅಕ್ಕನ ಗಂಡನನ್ನು ನಾನು ಮಾಮಾ ಎನ್ನುತ್ತಿದ್ದೆ. ವಿಜಾಪುರದ ಒಂದು ಹತ್ತಿ ಅಡತಿ ಅಂಗಡಿಯಲ್ಲಿ ಅವರಿಗೆ ಕೆಲಸ. ಬಂದ ರೂಪಾಯಿಗಳನ್ನು ಒಂದೊಂದಾಗಿ ಕಲ್ಲಿನ ಮೇಲೆ ಕುಟ್ಟಿ, ಸದ್ದು ಕೇಳಿ, ಖೋಟಾ ನಾಣ್ಯವನ್ನು ಬೇರೆ ತೆಗೆಯುವುದೇ ಆ ಕೆಲಸ. ದಿನವಿಡೀ ಸಾವಿರಾರು ಜನರ ಬೆವರು, ಎಣ್ಣೆ, ಜಿಡ್ಡು ಹತ್ತಿದ ರೊಕ್ಕ ಮುಟ್ಟಿ ಮುಟ್ಟಿ ಅವರ ಬೆರಳು ಕಪ್ಪಾಗಿದ್ದವು. ಮಾತು ಬಹಳ ಕಡಿಮೆ. ನಾನು ಹತ್ತು ಮಾತಾಡಿದರೆ ಅವರು ಒಂದು "ಹೂಂ" ಅನ್ನುತ್ತಿದ್ದರು. ಅದಕ್ಕೇ ನನಗೆ ಅವರನ್ನು ಕಂಡರೆ ಸಿಟ್ಟು.

ಅಂಥ ಮನುಷ್ಯನಿಗೆ ಒಂದೇ ಒಂದು ಹುಚ್ಚು. ಮುಂಬಯಿಯಿಂದ ಹತ್ತಿ ಕೊಳ್ಳಲು ಬರುತ್ತಿದ್ದ ಪಾರ್ಸಿಯೊಬ್ಬ ಖೋಟಾ ಸದ್ದು ಹಿಡಿಯುವ ಅವರ ಕಿವಿಗೆ ಮೆಚ್ಚಿ ಒಂದು ಡಬ್ಬಿ ಕೊಟ್ಟಿದ್ದ. ಒಳಗೆ ಕೆಂಪು ಮಖಮಲ್ಲಿನ ಕುಳಿಗಳಲ್ಲಿ ಏಳು ನಾಣ್ಯ, ರೂಪಾಯಿಯಿಂದ ಹಿಡಿದು ಪೈ ತನಕ. ಅವು ಸಂತೆಯಲ್ಲಿ ಓಡಾಡುವ ನಾಣ್ಯಗಳಲ್ಲ. ಕೂಡಿಡುವ ಹವ್ಯಾಸದವರಿಗೆಂದೇ ಟಂಕಸಾಲೆಯಲ್ಲಿ ಅಚ್ಚನ್ನು ಉಜ್ಜಿ ಹೊಳಪಿಸಿ ಬೇರೆಯಾಗಿ ಒತ್ತಿದವು. ಮುಖ ಕಾಣಿಸುವಷ್ಟು ಹೊಳಪು. ಮಾಮಾ ಅದನ್ನು ಪ್ರೂಫ್ ಸೆಟ್ ಎನ್ನುತ್ತಿದ್ದರು, ಅಕ್ಕ ಕನ್ನಡಿ ರೊಕ್ಕ ಎನ್ನುತ್ತಿದ್ದಳು. ಆಮೇಲೆ ಚಹಾ ಬಿಟ್ಟು, ಟಾಂಗಾ ಬಿಟ್ಟು, ಅದೇ ಪಾರ್ಸಿಯ ಕಡೆಯಿಂದ ಇನ್ನೆರಡು ಡಬ್ಬಿ ತರಿಸಿದರು. ಮೂರು ಡಬ್ಬಿ, ಇಪ್ಪತ್ತೊಂದು ನಾಣ್ಯ.

ವಿಜಾಪುರದ ಇಬ್ರಾಹಿಂಪುರದಲ್ಲಿ ರೈಲು ಹಳಿಯ ಪಕ್ಕದಲ್ಲೇ ಅವರ ಮನೆ. ಆದಿತ್ಯವಾರ ಜಳಕ ಮಾಡಿ, ಧೋತರದ ಚುಂಗಿನಿಂದ ಬಾಯಿ ಮುಚ್ಚಿಕೊಂಡು ಮಾಮಾ ಡಬ್ಬಿ ತೆಗೆಯುತ್ತಿದ್ದರು, ಉಸಿರು ಕೂಡ ತಾಗಬಾರದೆಂದು. ಅಕ್ಕ ಒಂದು ಗೇಣು ದೂರದಿಂದ ಬಗ್ಗಿ ರೂಪಾಯಿಯಲ್ಲಿ ತನ್ನ ಕುಂಕುಮ ನೋಡಿಕೊಳ್ಳುತ್ತಿದ್ದಳು. ಒಮ್ಮೆ ನಾನು ಕೈ ಹಾಕಲು ಹೋದೆ.

"ಬೆರಳ ಹತ್ತಿದ್ರ ಕೆಡತೈತಿ, ಗೌರಾ," ಎಂದು ಡಬ್ಬಿ ಹಿಂದಕ್ಕೆಳೆದುಕೊಂಡರು.

"ಅಯ್ಯ, ನಿಮ್ಮ ರೊಕ್ಕಕ್ಕ ಮಡಿ ಬ್ಯಾರೆ ಬಂತೇನ್ರಿ!" ಎಂದೆ. ಅಕ್ಕ ನಕ್ಕಳು. ಆಗ ಅವಳಿಗೆ ನಗಲು ಬರುತ್ತಿತ್ತು.

ನಲವತ್ತಮೂರನೆಯ ಇಸವಿಯ ಬೇಸಿಗೆಗೆ ಅವಳು ಹಾಸಿಗೆ ಹಿಡಿದಳು. ಕ್ಷಯ. ನಾನು ಅಷ್ಟರಲ್ಲಿ ಗಂಡನನ್ನು ಕಳೆದುಕೊಂಡಿದ್ದೆ, ಮಕ್ಕಳಿಲ್ಲ, ಬಬಲೇಶ್ವರದಿಂದ ಗಂಟು ಕಟ್ಟಿಕೊಂಡು ಅಕ್ಕನ ಸೇವೆಗೆ ಬಂದೆ. ಮಿರಜಿನ ದೊಡ್ಡ ದವಾಖಾನೆಗೆ ಕರೆದೊಯ್ಯಿರಿ, ಅದೂ ಈಗಲೇ, ತಿಂಗಳು ಕಳೆದರೆ ಪ್ರಯೋಜನವಿಲ್ಲ ಎಂದರು ಡಾಕ್ಟರು. ಯುದ್ಧದ ತುಟ್ಟಿ ಕಾಲ. ಮರುದಿನ ಮಾಮಾ ಗೋಳಗುಮ್ಮಟದ ಹತ್ತಿರ ಹಳೆಯ ನಾಣ್ಯ ಮಾರುವ ಬುಡ್ಡೇಸಾಬನ ಕಡೆ ಹೋಗಿ ಬಂದರು. ಮುಂಬಯಿಯ ಗಿರಾಕಿಯೊಬ್ಬ ಶನಿವಾರ ಬರುತ್ತಾನೆ, ಮೂರೂ ಡಬ್ಬಿಗೆ ಇನ್ನೂರೈವತ್ತು ಕೊಡುತ್ತಾನೆ ಎಂದರು. ಮಿರಜಿನ ಖರ್ಚಿಗೆ ಅಷ್ಟು ಸಾಕಾಗಿತ್ತು. ನನಗೆ ಹೋದ ಜೀವ ಬಂದಂತಾಯಿತು.

ಶನಿವಾರ ಮುಂಜಾನೆ ಮಾಮಾ ರಜೆ ಕೇಳಲು ಅಂಗಡಿಗೆ ಹೋದರು. ನಾನು ಗೂಡಿನಿಂದ ಡಬ್ಬಿ ಇಳಿಸಿ ಮುಚ್ಚಳ ತೆಗೆದೆ. ನೋಡುತ್ತೇನೆ, ಬೆಳ್ಳಿಯ ಅಂಚಿಗೆಲ್ಲ ಹೊಗೆ ಹಿಡಿದ ಹಾಗೆ ಕಪ್ಪು, ತಾಮ್ರದ ಕಾಸು ಕಂದಿವೆ. ಗಿರಾಕಿ ಇದನ್ನು ನೋಡಿ ದರ ಮುರಿದರೆ? ದೇವರ ಸಾಮಾನು ನಾವು ಹೇಗೆ ತೊಳೆಯುತ್ತೇವೆ? ಹುಣಸೆಹಣ್ಣು ನೆನೆಹಾಕಿದೆ, ಬೂದಿ ಸೋಸಿದೆ, ತೆಂಗಿನ ನಾರು ತೆಗೆದುಕೊಂಡು ಇಪ್ಪತ್ತೊಂದನ್ನೂ ರೆಟ್ಟೆ ಸೋಲುವ ತನಕ ತಿಕ್ಕಿದೆ.

"ಏನ ಮಾಡಾಕತ್ತೀಬೇ?" ಎಂದು ಅಕ್ಕ ಹಾಸಿಗೆಯಿಂದಲೇ ಕೇಳಿದಳು.

"ನಿನ್ನ ಮಿರಜಿಗೆ ಕಳಸಾಕತ್ತೇನಿ ಯಕ್ಕಾ, ಸುಮ್ನ ಮಲ್ಕೋ."

ಬೆಳ್ಳಿ ಬೆಳ್ಳಗಾಯಿತು. ಸೆರಗಿನಿಂದ ಒರೆಸಿ, ಆಯಾ ಕುಳಿಯಲ್ಲಿ ಕೂಡಿಸಿ, ಮುಚ್ಚಳ ಹಾಕಿದೆ. ಮಾಮಾ ಬಂದವರೇ ಡಬ್ಬಿ ತೆರೆದೂ ನೋಡಲಿಲ್ಲ, ಧೋತರದಲ್ಲಿ ಸುತ್ತಿಕೊಂಡು ಹೊರಟರು. ನೋಡಿದ ಗಿರಾಕಿ ಹತ್ತು ರೂಪಾಯಿ ಹೆಚ್ಚಿಗೆ ಕೊಟ್ಟ ಮೇಲೆ ಹೇಳಿದರಾಯಿತು ಎಂದು ನಾನೂ ಸುಮ್ಮನಿದ್ದೆ.

ಹೊತ್ತು ಇಳಿಯುವಾಗ ಬಂದರು. ಕಂಕುಳಲ್ಲಿ ಮೂರೂ ಡಬ್ಬಿ ಹಾಗೇ ಇದ್ದವು.

"ಯಾಕ್ರಿ ಮಾಮಾ?"

"ಗಿರಾಕಿ ಬರಲಿಲ್ಲ."

ಸುಳ್ಳು. ಅದು ಸುಳ್ಳೆಂದು ಅವರ ಮುಖವೇ ಹೇಳುತ್ತಿತ್ತು. ಈ ಮನುಷ್ಯನಿಗೆ ಕೊಡಲು ಮನಸ್ಸು ಬರಲಿಲ್ಲ, ದಾರಿಯಿಂದಲೇ ತಿರುಗಿ ಬಂದಿದ್ದಾನೆ ಎಂದುಕೊಂಡೆ. ಮೈಯೆಲ್ಲ ಉರಿಯಿತು. ಅವರು ಅಕ್ಕನ ಪಕ್ಕದಲ್ಲಿ ಕುಳಿತು, ಡಬ್ಬಿ ತೆಗೆದು, ಬರಿಗೈಯಿಂದಲೇ ಆ ರೂಪಾಯಿ ಎತ್ತಿ ಅವಳ ಅಂಗೈಯಲ್ಲಿಟ್ಟರು.

"ಮುಟ್ಟು. ಎಷ್ಟ ಬೇಕಾದ್ರೂ ಮುಟ್ಟು."

ಅಕ್ಕ ಅದನ್ನು ಮೂಗಿನ ಹತ್ತಿರ ಒಯ್ದು ನನ್ನ ಕಡೆ ನೋಡಿದಳು. "ಹುಳಿ ವಾಸನಿ ಬರತೈತಿ, ಗೌರಾ," ಎಂದಳು.

"ಮಾತಾಡಬ್ಯಾಡ, ಕೆಮ್ಮು ಬರತೈತಿ," ಎಂದು ಮಾಮಾ ಅವಳ ಮುಷ್ಟಿ ಮುಚ್ಚಿದರು.

ಆಮೇಲೆ ಸಾಲಕ್ಕಾಗಿ ಕಂಡಕಂಡವರ ಬಾಗಿಲಿಗೆ ಅಲೆದರು. ಮಿರಜಿಗೆ ಹೋಗುವಷ್ಟರಲ್ಲಿ ಎರಡು ತಿಂಗಳು ಕಳೆದಿತ್ತು. ಅಲ್ಲಿಯ ಡಾಕ್ಟರು ನೋಡಿ, ತಡವಾಯಿತು, ಮನೆಯಲ್ಲೇ ಇಟ್ಟುಕೊಳ್ಳಿ ಎಂದು ತಿರುಗಿ ಕಳಿಸಿದರು. ಶ್ರಾವಣ ಮುಗಿಯುವ ಮೊದಲು ಅಕ್ಕ ಹೋದಳು.

ನಮ್ಮಲ್ಲಿ ಮಣ್ಣು ಮಾಡುವ ಮೊದಲು ಹೆಣದ ಹಣೆಗೆ ಹಚ್ಚಲು ಒಂದು ನಾಣ್ಯ ಬೇಕು. ಆ ವರ್ಷ ಚಿಲ್ಲರೆಗೆ ಎಂಥ ಬರವೆಂದರೆ ಓಣಿಯಲ್ಲಿ ಯಾರ ಮನೆಯಲ್ಲೂ ಒಂದು ಆಣೆ ಸಿಗಲಿಲ್ಲ. ಬರೀ ಕಾಗದದ ನೋಟು. ಆಗ ನನ್ನ ಬಾಯಿ ಬಿಚ್ಚಿತು. ಯಾವತ್ತೂ ಮಾಮಾ, ರಿ ಎನ್ನುತ್ತಿದ್ದವಳು ಕೂಡಿದ ಮಂದಿಯ ಮುಂದೆ ಏಕವಚನದಲ್ಲಿ ಕೂಗಿದೆ.

"ಜೀವ ಇದ್ದಾಗ ಆಕಿಗೆ ಆಗಲಿಲ್ಲ ನಿನ್ನ ಕನ್ನಡಿ ರೊಕ್ಕ! ಈಗರೆ ಒಂದ ತಂದು ಹಣಿಗೆ ಹಚ್ಚೋ, ಕಟುಕಾ!"

ಮಾಮಾ ನನ್ನ ಕಡೆ ನೋಡಿದರು. ಒಂದು ಮಾತು ಆಡಿದ್ದರೆ ಸಾಕಿತ್ತು, ಆಡಲಿಲ್ಲ. ಎದ್ದು ಹೋಗಿ ಮೊದಲನೆಯ ಡಬ್ಬಿಯ ರೂಪಾಯಿ ತಂದು, ಕುಂಕುಮ ಒತ್ತಿ ಅವಳ ಹಣೆಗೆ ಹಚ್ಚಿದರು. ಅದು ಅವಳ ಜೊತೆಗೇ ಮಣ್ಣಿಗೆ ಹೋಯಿತು.

ನಾನು ಟಿಕೋಟಾಕ್ಕೆ ಅಣ್ಣನ ಮನೆಗೆ ಬಂದೆ. ಆರು ವರ್ಷ ಅವರ ಮುಖ ನೋಡಲಿಲ್ಲ. ಬಾವಿಕಟ್ಟೆಯಲ್ಲಿ, ಮದುವೆಯ ಚಪ್ಪರದಲ್ಲಿ, ಬಬಲೇಶ್ವರದ ಸಂತೆಯಲ್ಲಿ, ಕೇಳಿದವರಿಗೂ ಕೇಳದವರಿಗೂ ಅವರ ಕಥೆ ಹೇಳಿದೆ. ನಿಡೋಣಿಯಿಂದ ಅವರಿಗೆ ಎರಡನೆಯ ಸಂಬಂಧ ನೋಡಲು ಬಂದವರಿಗೂ ಹೇಳಿದೆ. ಅವರು ಮತ್ತೆ ಬರಲಿಲ್ಲ.

ನಲವತ್ತೊಂಬತ್ತರಲ್ಲಿ ಮಾಮಾ ತೀರಿಕೊಂಡ ಸುದ್ದಿ ಬಂತು. ಮನೆಯಲ್ಲಿ ಒಬ್ಬರೇ ಇದ್ದರಂತೆ. ಪಕ್ಕದ ಮನೆಯ ಸಕ್ರವ್ವ ಮೂರು ಡಬ್ಬಿ ತಂದು ನನ್ನ ಕೈಗಿತ್ತಳು. ಗೌರಾಗೆ ಮುಟ್ಟಿಸಿ ಎಂದಿದ್ದರಂತೆ. ಹಾಳಾದ ಡಬ್ಬಿ, ಮಾರಿ ಕೈ ತೊಳೆದುಕೊಳ್ಳೋಣವೆಂದು ಬುಡ್ಡೇಸಾಬನ ಅಂಗಡಿಗೆ ಹೋದೆ. ಅವನು ನನ್ನನ್ನು ಎಂದೂ ಕಂಡವನಲ್ಲ. ಮುಚ್ಚಳ ತೆಗೆದು ಖಾಲಿ ಕುಳಿ ನೋಡಿದ, ಉಳಿದ ನಾಣ್ಯ ಬೆಳಕಿಗೆ ಹಿಡಿದ.

"ಇವು ಗುರುಪಾದಯ್ಯಾರ ಡಬ್ಬಿ ಅಲ್ಲೇನವ್ವಾ? ಇವಕ್ಕ ಏನೂ ಬರೂದಿಲ್ಲ. ಆವತ್ತ ಮುಂಬಯಿ ಗಿರಾಕಿನೂ ಹಂಗ ಅಂದಿದ್ದ."

"ಗಿರಾಕಿ ಬಂದಿದ್ನೇನು?"

"ಬಂದಿದ್ನಲ್ಲ, ಇಲ್ಲೇ ಕುಂತಿದ್ದ. ರೊಕ್ಕಾ ಎಣಿಸಿ ಮುಂದ ಇಟ್ಟಿದ್ದ. ಡಬ್ಬಿ ತಗದ ನೋಡ್ದ, ರೊಕ್ಕಾ ತಿರಗಿ ಕಿಸೆದಾಗ ಹಾಕ್ಕೊಂಡ. ಯಾರೋ ಹುಣಸಿಹಣ್ಣು ಬೂದಿ ಹಚ್ಚಿ ತಿಕ್ಕ್ಯಾರ, ಕನ್ನಡಿ ಹೋಗೇತಿ, ಮೈ ತುಂಬ ಗೀರು, ಇನ್ನ ಇವು ಸಂತಿ ರೊಕ್ಕ ಅಂದ. ಅಯ್ಯಾರು 'ನಾನ ತಿಕ್ಕೀನಿ' ಅಂದ್ರು. ಉಸರ ತಾಗಸದ ಮನಷ್ಯಾ ಬೂದಿ ಹಚ್ಚತಾನೇನವ್ವಾ? ಹೋಗೂಮುಂದ ನನ್ನ ಕೈ ಹಿಡಕೊಂಡ್ರು. 'ಸಾಬಣ್ಣಾ, ಈ ಮಾತು ನಮ್ಮ ಮನಿತನಕ ಬರಬಾರದು. ನಮ್ಮ ಗೌರಾ ಅಕ್ಕನ ಮ್ಯಾಲ ಜೀವಾ ಇಟಗೊಂಡಾಳ. ಗೊತ್ತಾದ್ರ ಬಾವಿ ಬೀಳ್ತಾಳ' ಅಂದ್ರು."

ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತೆ.

"ನೀ ಅವರಿಗೆ ಏನಾಗಬೇಕವ್ವಾ?" ಎಂದ ಬುಡ್ಡೇಸಾಬ.

ಡಬ್ಬಿ ಎತ್ತಿಕೊಂಡು ಎದ್ದು ಬಂದೆ.

ಅಂದಿನಿಂದ ಬಾವಿಕಟ್ಟೆಯಲ್ಲಿ, ಸಂತೆಯಲ್ಲಿ, ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದೇನೆ: ಆ ನಾಣ್ಯ ಹಾಳು ಮಾಡಿದವಳು ನಾನು, ಆ ಮನುಷ್ಯ ನನ್ನನ್ನು ಉಳಿಸಲು ಕಟುಕ ಅನ್ನಿಸಿಕೊಂಡ. ಜನ ಪಾಪ ಎನ್ನುತ್ತಾರೆ, ತಲೆ ಅಲ್ಲಾಡಿಸುತ್ತಾರೆ. ಹೋದ ವಾರ ಬಬಲೇಶ್ವರದಲ್ಲಿ ನಾನು ಬೆನ್ನು ತಿರುಗಿಸಿದ ಕೂಡಲೇ ಹಳೆಯ ನೆರೆಮನೆಯ ಭೀಮಾಬಾಯಿ ತನ್ನ ಸೊಸೆಗೆ ಹೇಳುತ್ತಿದ್ದಳು, "ಸತ್ತಾನಲ್ಲ, ಅದಕ್ಕ ಗೌರಾಬಾಯಿಗೆ ಅವನ ಮ್ಯಾಲ ಕನಿಕರ ಬಂದೈತಿ. ತೊಳದ್ರ ರೊಕ್ಕ ಕೆಡತೈತಿ ಅಂತ ಯಾರರ ಕೇಳ್ಯಾರೇನು?"